ಗುರುವಾರದ ಉಪನ್ಯಾಸ, ದಪ್ಪ ಪರದೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ಗಾಬರಿಯಾಗಬೇಡ. ದಿನಾ ಸಂಜೆ ಮಾತಾಡುತ್ತಿದ್ದವಳು ಶುಕ್ರವಾರದಿಂದ ನಿನ್ನ ಫೋನ್ ಎತ್ತಿಲ್ಲ, ಹೊಟ್ಟೆಗೆ ಹಾಕಿಕೋ. ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಗುತ್ತೀಯ. ನಗು. ಎರಡು ಸಾಲು ಬರೆದು ಎದ್ದು ಹೋಗಿ ಒಲೆ ಒರೆಸಿ ಬಂದೆ. ಈಗ ಮತ್ತೆ ಎದ್ದು ಬಾಗಿಲು ಹಾಕಿದೆಯೋ ನೋಡಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನ ಭಾವ ಹಾಗೇ ಇದ್ದಾರೆ. ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. ಮಾತು ಮಾತ್ರ ಅದೇ ಒಂದು, "ಬಂತು." ಹಸಿದರೂ "ಬಂತು", ಬೇಡವಾದರೂ "ಬಂತು". ನಿಲ್ದಾಣದ ಮೈಕಿನಲ್ಲಿ ಇಡೀ ಊರಿಗೆ ಬಸ್ಸುಗಳನ್ನು ಕೂಗಿ ಹೇಳಿದ ಗಂಟಲಲ್ಲಿ ಆ ಪಾರ್ಶ್ವವಾಯು ಇಷ್ಟನ್ನೇ ಉಳಿಸಿದೆ. ಸಂಜೆಯಾದರೆ ಗೋಡೆ ಕಡೆ ಮುಖ ತಿರುಗಿಸುತ್ತಾರೆ ಎಂದಾಗ, "ಬಿಸಿಲು ಕಣ್ಣಿಗೆ ಹೊಡೀತಿರಬೇಕು, ಪರದೆ ಹಾಕೇ ಅಕ್ಕ" ಎಂದು ನೀನೇ ಹೇಳಿದ್ದೆಯಲ್ಲ? ಗಿರಾಕಿಯೊಬ್ಬರ ಕೋಟು ಹೊಲಿದು ಉಳಿದಿದ್ದ ದಪ್ಪ ಬಟ್ಟೆಯಲ್ಲಿ ಹೊಲಿದು ಹಾಕಿದೆ. ಆಮೇಲೂ ತಿರುಗುತ್ತಿದ್ದರು. ಇನ್ನೊಂದು ಪದರ ಸೇರಿಸಿದೆ.

ಇನ್ನು ನನ್ನ ಗುರುವಾರದ ಸುದ್ದಿ. ವಿಶ್ವವಿದ್ಯಾಲಯದಲ್ಲಿ ಊರವರಿಗೆಲ್ಲ ಉಪನ್ಯಾಸ ಇಟ್ಟಿದ್ದಾರೆ ಎಂದಿದ್ದೆನಲ್ಲ, ಪರೀಕ್ಷೆಯಿಲ್ಲ, ಹಾಜರಿಯಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಎದುರುಮನೆಯ ನರ್ಸ್ ನಿನ್ನ ಭಾವನ ಹತ್ತಿರ ಕೂರುತ್ತಾಳೆ, ನಾನು ಓಡುತ್ತೇನೆ. ಜ್ವಾಲಾಮುಖಿ ಕೇಳಿದೆ, ಜೇನುಹುಳ ಕೇಳಿದೆ. ಅದನ್ನೆಲ್ಲ ಕಟ್ಟಿಕೊಂಡು ನನಗೇನಾಗಬೇಕು ಹೇಳು? ಯಾರಾದರೂ ಪೂರ್ತಿ ವಾಕ್ಯ ಮಾತಾಡುವುದನ್ನು ಕೇಳಬೇಕು, ಅಷ್ಟೇ. ಮುಂದಿನ ಬೆಂಚಿನಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು ಕೂರುತ್ತಾರೆ. ಅವರ ಪ್ರಶ್ನೆ ಉಪನ್ಯಾಸಕ್ಕಿಂತ ಉದ್ದ, ಅದಕ್ಕೇ ನಾವೆಲ್ಲ ಅವರನ್ನು ಪ್ರಶ್ನೆ ಮಾವ ಅನ್ನುತ್ತೇವೆ. ನನಗೆ ಬರಿಗೈಯಲ್ಲಿ ಕೂತು ಗೊತ್ತಿಲ್ಲ. ಗಿರಾಕಿಗಳ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತ ಕೇಳುತ್ತೇನೆ.

ಈ ಸಲದ ವಿಷಯ ಮೆದುಳು ಮತ್ತು ಮಾತು. ಹೇಳಿದವಳು ಇನ್ನೂ ಚಿಕ್ಕ ವಯಸ್ಸಿನ ಮೇಡಂ, ಮಾತಾಡುವಾಗ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯುತ್ತಲೇ ಇರುತ್ತಾಳೆ. ಕೊನೆಗೆ ಪ್ರಶ್ನೆ ಮಾವ ಎಂದಿನಂತೆ ಎದ್ದರು. ಅಷ್ಟರಲ್ಲಿ ನಾನೂ ಎದ್ದಿದ್ದೆ.

"ಕೂತ್ಕೊಳ್ಳಿ ಮಾವ, ಇವತ್ತು ನಂದು" ಅಂದೆ. ಎಲ್ಲರೂ ನಕ್ಕರು. "ಮೇಡಂ, ಒಂದೇ ಒಂದು ಮಾತು ಉಳಿದಿರೋರಿಗೆ ನಾವು ಆಡೋದು ತಿಳಿಯುತ್ತಾ?"

"ನಿಮ್ಮ ಮನೇಲಿ ಯಾರಾದ್ರೂ ಹಾಗಿದ್ದಾರಾ?"

"ಇಲ್ಲ, ನಮ್ಮ ಗಿರಾಕಿ ಒಬ್ರು" ಎಂದುಬಿಟ್ಟೆ. ಯಾಕೆ ಹಾಗೆಂದೆನೋ.

"ಎಲ್ಲರದೂ ಒಂದೇ ಥರ ಅಲ್ಲಮ್ಮ, ನೋಡದೆ ಹೇಳಬಾರದು. ಆದ್ರೆ ಎಷ್ಟೋ ಜನಕ್ಕೆ ಮಾತು ಹೊರಗೆ ಬರೋ ದಾರಿ ಮಾತ್ರ ಮುಚ್ಚಿರುತ್ತೆ. ಒಳಗೆ ಹೋಗೋ ದಾರಿ ತೆರೆದೇ ಇರುತ್ತೆ. ಅವರ ಮುಂದೆ ಆಡಿದ್ದು ಅವರಿಗೆ ತಿಳೀತಾನೇ ಇರುತ್ತೆ."

ಕೂತೆ. ಸೂಜಿ ತನ್ನ ಪಾಡಿಗೆ ಓಡಿತು. ಮನೆಗೆ ಬಂದು ನೋಡಿದರೆ, ಪ್ಯಾಂಟಿನ ಕಾಲಿನ ಬಾಯನ್ನೇ ಹೊಲಿದು ಮುಚ್ಚಿದ್ದೆ. ನರ್ಸ್ ಹೋದ ಮೇಲೆ ಅದನ್ನು ನಿನ್ನ ಭಾವನ ಮುಂದೆ ಹಿಡಿದೆ. "ನೋಡಿ ನನ್ನ ಕೆಲಸಾನ! ಪಾಪ, ಆ ಮನುಷ್ಯನ ಕಾಲು ಎಲ್ಲಿಂದ ಹೊರಗೆ ಬರಬೇಕು?" ಅಂದೆ. ಅವರು ಪ್ಯಾಂಟು ನೋಡಿದರು, ನನ್ನನ್ನು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು ಪುಟ್ಟಿ. ನಾನು ಕುಣಿದಾಡಬೇಕಿತ್ತು. ಪ್ಯಾಂಟು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.

ಅಂದಿನಿಂದ ಅವರಿಗೆ ಜ್ವಾಲಾಮುಖಿ, ಜೇನುಹುಳ ಎಲ್ಲ ಹೇಳುತ್ತಿದ್ದೇನೆ. ಬಾಯಿ ನಿಲ್ಲಿಸಲು ಭಯ.

ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೋ, ಅಸಡ್ಡೆ ಮಾಡಬೇಡ. ಮಕ್ಕಳಿಗೆ ದೊಡ್ಡಮ್ಮನ ಮುದ್ದು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮನೆಯಲ್ಲಿ ಸದಾ ಮಾತು ತುಂಬಿರಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಇಷ್ಟಕ್ಕೇ ನಿಲ್ಲಿಸಿ ಕವರು ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಶುಕ್ರವಾರ ಪರದೆ ಕಿತ್ತು ಹಾಕಿದೆ. ಸಂಜೆಯ ಬಿಸಿಲು ನೇರ ಮುಖಕ್ಕೇ ಬಿತ್ತು, ಅವರು ಕದಲಲಿಲ್ಲ. ಬೀದಿಯ ಬಸ್ಸುಗಳನ್ನು ನೋಡುತ್ತಿದ್ದರು. ಆಗ ನಿನ್ನ ಫೋನು ಬಂತು. ಗೋಡೆ ಕಡೆ ತಿರುಗಿದರು. ನನ್ನ ಕೈ ಹೊಲಿಗೆಯಲ್ಲಿರುತ್ತದೆ ಎಂದು ಫೋನನ್ನು ಅವರ ಮಂಚದ ಮೇಲೆ ಸ್ಪೀಕರ್ ಹಾಕಿ ಇಡುತ್ತಿದ್ದೆನಲ್ಲ? "ಭಾವನ್ನ ಎಲ್ಲಾದ್ರೂ ಸೇರಿಸಿಬಿಡೇ ಅಕ್ಕ" ಅನ್ನುತ್ತಿದ್ದೆ ನೀನು. "ದೇವರು ಬೇಗ ಕರ್ಕೊಂಡ್ರೆ ಇಬ್ಬರಿಗೂ ಬಿಡುಗಡೆ" ಅನ್ನುತ್ತಿದ್ದೆ ನಾನು. ಇನ್ನು ಮೇಲೆ ಫೋನ್ ಮಾಡುವುದಾದರೆ ನಿನ್ನ ಭಾವನಿಗೇ ಮಾಡು, ನಾನು ಅವರ ಕಿವಿಗೆ ಹಿಡಿಯುತ್ತೇನೆ. ಏನು ಹೇಳಲಿ ಎಂದು ಮಾತ್ರ ನನ್ನನ್ನು ಕೇಳಬೇಡ. ಜೇನುಹುಳದ ಮಾತು ಮುಗಿದರೂ ತಪ್ಪಾಯಿತು ಎಂದು ನಾನೇ ಇನ್ನೂ ಅವರಿಗೆ ಹೇಳಿಲ್ಲ.