ಉಗುರುಬಣ್ಣದ ಚುಕ್ಕೆ

ಸ್ಟುಡಿಯೊ,
ಭಾನುವಾರ, ಹದಿನಾಲ್ಕನೇ ತಾರೀಖು

ಅಣ್ಣನಿಗೆ ತಂಗಿಯ ನಮಸ್ಕಾರ.

ನೀನು, ಅತ್ತಿಗೆ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಫೋನಿನಲ್ಲಾದರೆ ಇಬ್ಬರೂ ಕೂಗಾಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕಳಿಸಿದ್ದು. ಅವಳಿಗೂ ಅದು ಗೊತ್ತು. ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಬಂದವಳೇ ಹಿಡಿದ ಹಟ ಒಂದೇ: ಫೋಟೊ ತೆಗೆಯಬೇಕು, ಗೋಡೆಗೆ ಹಾಕುವಂಥದ್ದು. "ಅಪ್ಪನ ಆ ಲೆನ್ಸಲ್ಲೇ ತೆಗಿ. ಬೇರೆದ್ರಲ್ಲಿ ನನ್ನ ಮೂಗು ಆಲೂಗಡ್ಡೆ ಥರ ಬರತ್ತೆ" ಎಂದಳು. ಅಪ್ಪ ಹೋಗುವ ಮುಂಚೆ ಮಾಡಿದ ಪಾಲು ನೆನಪಿದೆಯಲ್ಲ? ಮಿರರ್‌ಲೆಸ್ ಕ್ಯಾಮೆರಾ ನನಗೆ, ಅದರ ಲೆನ್ಸುಗಳು ನಿನಗೆ. "ಒಬ್ರನ್ನ ಬಿಟ್ಟು ಒಬ್ರು ಏನೂ ಮಾಡೋಕಾಗ್ಬಾರ್ದು" ಎಂದು ನಕ್ಕಿದ್ದರು. ಪಾಪ, ಭಾರಿ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡಿದ್ದರು. ಆಮೇಲೆ ಕಂಪನಿಯವರು ಆ ಮಾದರಿಯನ್ನೇ ನಿಲ್ಲಿಸಿ, ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟರು. ನೀನು ಬೇರೆ ಕಂಪನಿಯ ಕ್ಯಾಮೆರಾ ಕೊಂಡೆ. ಅಪ್ಪನ ಲೆನ್ಸು ಅದಕ್ಕೆ ಕೂರುವುದಿಲ್ಲ, ಬೇರೆ ಕಂಪನಿಯ ಲೆನ್ಸು ನನ್ನದಕ್ಕೆ ಕೂರುವುದಿಲ್ಲ. ಆದರೂ ಅಮ್ಮನ ಆಸೆ ಹೇಳಿ ನಾನು ಲೆನ್ಸು ಕೇಳಿದಾಗ ನೀನು "ನೋಡೋಣ" ಎಂದೆ. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಮಾತು ನಿನ್ನನ್ನು ನೋಡಿಯೇ ಹುಟ್ಟಿರಬೇಕು.

ಕೊನೆಗೆ ಹಳೇ ಕ್ಯಾಮೆರಾ ಮಾರುವ ಅಂಗಡಿಗೆ ಹೋದೆ. ಎಲ್ಲೆಲ್ಲಿಂದಲೋ ಮಾಲು ತರಿಸುತ್ತಾರೆ. ನನ್ನ ಕ್ಯಾಮೆರಾಗೆ ಕೂರುವ ಮೂರು ಲೆನ್ಸು ಮೇಜಿನ ಮೇಲಿಟ್ಟರು. ಜೂಮ್ ಲೆನ್ಸಿಗೆ ಬೆಳಕು ಸಾಲದು. ಅಮ್ಮನ ಕೋಣೆಗಿರುವುದು ಒಂದೇ ಕಿಟಕಿ, ಅವಳನ್ನು ಎಬ್ಬಿಸಿ ಸ್ಟುಡಿಯೊಗೆ ತರುವಂತಿಲ್ಲ. ವೈಡ್ ಲೆನ್ಸು ಹಾಕಿ ಹತ್ತಿರ ಹೋದರೆ ಅವಳ ಮೂಗಿನ ಭಯ ನಿಜವಾಗುತ್ತದೆ. ಮೂರನೆಯದು ಮುಖಕ್ಕೆಂದೇ ಮಾಡಿದ್ದು. ಕೈಗೆತ್ತಿಕೊಂಡು ತಿರುಗಿಸಿದೆ. ಬುಡದಲ್ಲಿ ಕಿತ್ತಳೆ ಉಗುರುಬಣ್ಣದ ಚುಕ್ಕೆ. ಅಪ್ಪನ ಕಣ್ಣು ಮಂಜಾದಾಗ, ಲೆನ್ಸು ಕೂರಿಸುವ ಜಾಗ ತಿಳಿಯಲೆಂದು ಅಮ್ಮ ಇಟ್ಟಿದ್ದಳಲ್ಲ, ಅದೇ. "ಸಿಕ್ಕಿದಾಗ ತಗೊಂಬಿಡಿ ಮೇಡಂ, ಇನ್ಮೇಲೆ ಇದು ಬರಲ್ಲ" ಎಂದರು ಅಂಗಡಿಯವರು. ಹೇಳಿದ ಬೆಲೆ ಎಣಿಸಿ ಕೊಟ್ಟೆ. ನಮ್ಮ ಮನೆಯದನ್ನೇ ಕೊಂಡು ಮನೆಗೆ ತಂದೆ. ಕೊಡುವುದು ಬೇಡ, ಮಾರಿಬಿಟ್ಟೆ ಎಂದಾದರೂ ಹೇಳಬಹುದಿತ್ತಲ್ಲ ಅಣ್ಣಾ? ನನಗೆ ನಿನ್ನ ಮೇಲಿರುವುದು ಸಿಟ್ಟಲ್ಲ, ಸಿಟ್ಟಾದರೆ ಇಳಿಯುತ್ತದೆ.

ನಿನ್ನೆ ಬೆಳಿಗ್ಗೆ ಅಮ್ಮನನ್ನು ದಿಂಬಿಗೆ ಒರಗಿಸಿ ಕಿಟಕಿಯ ಕಡೆ ಕೂರಿಸಿದೆ. ಫೋಟೊ ಚೆನ್ನಾಗಿ ಬಂದಿದೆ. ಅಷ್ಟು ನಗುವ ಅಮ್ಮನನ್ನು ಅಪ್ಪ ಕೂಡ ತೆಗೆದಿರಲಿಲ್ಲ. ನಿನಗೊಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅತ್ತಿಗೆಗೆ ನೆನಪು ತಿಳಿಸು, ಮಕ್ಕಳಿಗೆ ಮುತ್ತು. ನಿನಗೆ ಒಳ್ಳೆಯದಾಗಲಿ ಎಂದು ಬರೆಯಬೇಕು, ಬರೆದಿದ್ದೇನೆ.

ನಿನ್ನ ತಂಗಿ

ತಾ.ಕ.: ಫೋಟೊ ತೆಗೆಯುವ ಮುಂಚೆ ಅಮ್ಮ ಲೆನ್ಸು ಕೇಳಿ ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಆ ಚುಕ್ಕೆ ಮುಟ್ಟಿ ನೋಡಿದಳು. "ಅಣ್ಣ ಕಳಿಸಿದ್ನಾ?" ಎಂದಳು. ಹೂಂ ಎಂದೆ. ಆ ನಗು ಬಂದದ್ದು ಆಗ. ಈ ಪತ್ರ ತಲುಪಿದ ದಿನವೇ ಅವಳಿಗೆ ಫೋನ್ ಮಾಡು. ಅವಳು ಲೆನ್ಸಿನ ಮಾತೆತ್ತಿದರೆ, ಯಾವ ಲೆನ್ಸು ಎಂದು ಮಾತ್ರ ಕೇಳಬೇಡ.