ಹಲಗೆಯ ಮೇಲೆ ಒಂದು ಸಾಲು ಜಾಗ

ಮರೆಕೊಲ್ಲಿ. ಕಡಲು ಏರಿದ ಎಂಬತ್ತೊಂಬತ್ತನೆಯ ವರ್ಷ, ತಿಳಿನೀರಿನ ಕಾಲ ಮುಗಿಯುವುದರ ಹಿಂದಿನ ದಿನ, ಮಧ್ಯಾಹ್ನದ ಉಬ್ಬರ. ನಿನ್ನ ಕ್ಯಾಲೆಂಡರಿನಲ್ಲಿ ಇದು 2171ರ ಮೇ ತಿಂಗಳು.

ನಾಗವೇಣಜ್ಜಿಗೆ ಮಾಸ್ತಮ್ಮ ಮಾಡುವ ನಮಸ್ಕಾರ.

ನಿನ್ನನ್ನು ಅಜ್ಜಿ ಎನ್ನುವುದಕ್ಕೇ ನನಗೆ ಮುಜುಗರ. ನೀನು ನನ್ನ ಅಜ್ಜಿಯ ಅಜ್ಜಿಯ ತಾಯಿ, ಅದು ಸರಿ. ಆದರೆ ಈ ಪತ್ರ ಹೋಗಿ ಸೇರಬೇಕಾದ 2031ರಲ್ಲಿ ನಿನಗೆ ಇಪ್ಪತ್ತಾರು ವರ್ಷ, ಬರೆಯುತ್ತಿರುವ ನನಗೆ ಐವತ್ತೆಂಟು. ಮಗಳೇ ಎಂದರೆ ಕೇರಿಯವರು ನಗುತ್ತಾರೆ. ಹಾಗಾಗಿ ಅಜ್ಜಿ ಎಂದೇ ಬರೆಯುತ್ತೇನೆ, ನೀನು ಎಂದೇ ಮಾತಾಡುತ್ತೇನೆ. ನನ್ನ ಕೆಲವು ಪದಗಳು ನಿನಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸು. ನೀನು ಬರೆದಿಟ್ಟುಹೋದ ಪುಸ್ತಕದಲ್ಲಿರುವ ಎಷ್ಟೋ ಪದಗಳು ನಮಗೂ ಹಾಗೇ ಕಾಣುತ್ತವೆ. ‘ವೀಕೆಂಡ್’ ಎಂದರೆ ಏನು ಎಂದು ಇವತ್ತಿಗೂ ನಮ್ಮಲ್ಲಿ ವಾದ ನಡೆಯುತ್ತದೆ.

ಇದು ಹಿಂದೋಲೆ. ನಮ್ಮಲ್ಲಿ ಕೆಲಸ ಬಿಡುವ ಪ್ರತಿ ಹಿಂಗೈಯೂ ತನ್ನ ಕೊನೆಯ ಮುಳುಗಿನ ಹಿಂದಿನ ದಿನ ನಿನಗೊಂದು ಓಲೆ ಬರೆದು, ನೀನು ನಿಯಮ ಬರೆದ ಹಲಗೆಯ ಹಿಂದಿರುವ ತಾಮ್ರದ ಡಬ್ಬಿಗೆ ಹಾಕಬೇಕು. ಅದು ಹಿಂದಕ್ಕೆ ಹೋಗುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಹಿಂಗೈ ಎಂದರೆ ನೀನೇ ಶುರು ಮಾಡಿದ ಕೆಲಸ. ಮೊದಲ ಸಲ ನೀರಿಗಿಳಿಯುವವರ ಬೆನ್ನ ಹಿಂದೆ ಇದ್ದು, ಅವರ ಬೆನ್ನಿನ ಗಾಳಿ ಸಿಲಿಂಡರಿನ ಕುತ್ತಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಅವರನ್ನು ಮೆಲ್ಲಗೆ ಹವಳದ ಕಲ್ಲುಗಳ ಮೇಲೆ ಹಾಯಿಸಿಕೊಂಡು ಹೋಗುವವರು ನಾವು. ಮುಂದಿರುವವರಿಗೆ ಕಡಲು ಕಾಣುತ್ತದೆ, ನಮ್ಮ ಮುಖ ಕಾಣುವುದಿಲ್ಲ. ಬೆನ್ನಿಗೆ ಒಂದು ಕೈ ತಾಗಿಕೊಂಡಿದೆ ಎನ್ನುವುದಷ್ಟೇ ಅವರಿಗಿರುವ ಧೈರ್ಯ. ನಾನು ಮೂವತ್ತೊಂದು ವರ್ಷ ಆ ಕೈಯಾಗಿದ್ದೆ.

ಮುಂಚಿನವರ ಓಲೆಗಳಲ್ಲಿ ನಿನಗೆ ಬರೀ ಹೊಗಳಿಕೆ ಸಿಕ್ಕಿರುತ್ತದೆ. ಇದರಲ್ಲಿ ಅದು ಕಡಿಮೆ. ನಾನು ನಿನ್ನ ಹತ್ತಿರ ಜಗಳಕ್ಕೆ ಬಂದಿದ್ದೇನೆ, ಬೆಳಿಗ್ಗೆಯಿಂದ ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ಗಂಜಿ ಒಲೆಯ ಮೇಲೆ ತಳ ಹಿಡಿದಿದೆ. ಹಿಡಿಯಲಿ ಬಿಡು.

ಜಗಳಕ್ಕೆ ಮೊದಲು ಊರಿನ ಸುದ್ದಿ ಹೇಳದಿದ್ದರೆ ಮರ್ಯಾದೆ ಅಲ್ಲ. ನೀನು ಸ್ಕೂಟರ್ ನಿಲ್ಲಿಸುತ್ತಿದ್ದ ದಂಡೆಯ ರಸ್ತೆ ಈಗ ನೀರಿನಡಿ ಇದೆ, ಅದರ ಮೈಲಿಗಲ್ಲಿನ ಬುಡದಲ್ಲಿ ಒಂದು ಅಷ್ಟಪಾದಿ ಸಂಸಾರ ಮಾಡಿಕೊಂಡಿದೆ. ಮನೆಗಳೆಲ್ಲ ಗುಡ್ಡಕ್ಕೆ ಸರಿದಿವೆ, ಗುಡ್ಡಕ್ಕೆ ಹೋಗಲೊಲ್ಲದ ನಮ್ಮಂಥವರದ್ದು ಕಂಬದ ಮೇಲಿನ ಮನೆ. ಉಬ್ಬರ ಬಂದಾಗ ಅಡುಗೆಮನೆಯ ಕೆಳಗೆ ಮೀನು ಆಡುವ ಸದ್ದು ಕೇಳುತ್ತದೆ. ಉಪ್ಪುನೀರಿಗೆ ಹೆದರದ ಕಗ್ಗದ ಅಕ್ಕಿಯೇ ನಮ್ಮ ಅನ್ನ. ಬಂಗುಡೆ ವರ್ಷದಲ್ಲಿ ಒಂದೇ ತಿಂಗಳು ಬರುತ್ತದೆ, ಆ ತಿಂಗಳು ಶಾಲೆಗೆ ರಜೆ. ಕೊಲ್ಲಿಯ ಬಾಯಿಗೆ ಅಡ್ಡ ನಿಂತ ನಿನ್ನ ಮರೆಗಲ್ಲು ಮಾತ್ರ ಅಲ್ಲೇ ಇದೆ. ಹೊರಗಡೆ ಎಂಥ ಅಲೆ ಇದ್ದರೂ ಅದರ ಹಿಂದೆ ಕೊಲ್ಲಿಯ ನೀರು ಬೋಗುಣಿಯ ನೀರಿನ ಹಾಗೆ ನಿಂತಿರುತ್ತದೆ. ಈಜು ಬಾರದವರನ್ನೂ ಹೆದರಿಕೆ ಇಲ್ಲದೆ ಇಳಿಸಬಹುದಾದ ಜಾಗ ಈ ಕರಾವಳಿಯಲ್ಲಿ ಇದೊಂದೇ ಉಳಿದಿದೆ. ಹುಬ್ಬಳ್ಳಿ ಕಡೆಯಿಂದಲೂ ಜನ ಬರುತ್ತಾರೆ, ಮೂಗು ಹಿಡಿದು ಕಿವಿಗೆ ಗಾಳಿ ಊದಲು ಕಲಿಯುತ್ತಾರೆ, ನೀಲಿ ಗಿಳಿಮೀನು ಕಲ್ಲನ್ನು ಕಟಕಟ ಕಡಿಯುವುದನ್ನು ಕೇಳಿ ಮೇಲೆ ಬಂದು ಎರಡು ದಿನ ಅದನ್ನೇ ಮಾತಾಡುತ್ತಾರೆ. ನೀನು ಸ್ಕೂಬಾ ಎನ್ನುತ್ತಿದ್ದುದಕ್ಕೆ ನಾವು ಬೆನ್ನುಗಾಳಿ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಹವಳಕ್ಕೆ ನಮ್ಮ ಹೆಸರು ಜೀವಗಲ್ಲು. ನಿನ್ನ ಪುಸ್ತಕದಲ್ಲಿ ‘ತೆಂಗಿನಕಾಯಿಯಷ್ಟು, ಸುಕ್ಕು ಸುಕ್ಕು, ಪಾಪ’ ಎಂದು ಬರೆದಿದ್ದೀಯಲ್ಲ, ಆ ಕಲ್ಲು ಈಗ ಮದುವೆ ಮನೆಯ ಹಂಡೆಗಿಂತ ದೊಡ್ಡದಾಗಿದೆ. ಅದನ್ನು ಮುದುಕಿ ಎಂದು ಕರೆಯುತ್ತೇವೆ. ಹೊರಗಿನ ಕಡಲಲ್ಲಿ ಕಲ್ಲುಗಳೆಲ್ಲ ಬೆಳ್ಳಗಾಗಿ ಸತ್ತ ವರ್ಷಗಳಲ್ಲೂ ಮುದುಕಿ ಬದುಕಿದಳು. ಅದು ನಿನ್ನಿಂದ. ನಿನ್ನ ಕಾಲದಲ್ಲಿ ದೋಣಿಯವರು ಲಂಗರು ಎಸೆದು, ಬಂದವರು ಕಾಲಿನಲ್ಲಿ ಒದ್ದು, ಒಂದೇ ಬೇಸಗೆಯಲ್ಲಿ ಅರ್ಧ ಕೊಲ್ಲಿ ಪುಡಿಯಾಯಿತಂತೆ. ನೀನು ಸಿಟ್ಟಿನಲ್ಲಿ ಒಂದು ಹಲಗೆ ತಂದು, ದೋಣಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ ಏಳು ನಿಯಮ ಬರೆದು ದಂಡೆಯಲ್ಲಿ ನೆಟ್ಟೆ. ಮೊದಲನೆಯದು, ಹಲಗೆಯ ಅಂಚಿಗೇ ಅಂಟಿಕೊಂಡ ಹಾಗೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ: ‘ಕಲ್ಲು ಮೊದಲು’. ನಮ್ಮ ಮಕ್ಕಳು ಅಆಇಈಗಿಂತ ಮೊದಲು ಅದನ್ನು ಓದುತ್ತಾರೆ. ಕಡಲು ಏರಿದ ಹಾಗೆ ಹಲಗೆಯನ್ನು ಮೇಲಕ್ಕೆ ತಂದು ನೆಟ್ಟು, ಪ್ರತಿ ವರ್ಷ ಅದೇ ಅಕ್ಷರದ ಮೇಲೆ ಅದೇ ಬಣ್ಣ ಬಳಿಯುತ್ತೇವೆ, ಒಂದು ಗೆರೆ ಆಚೀಚೆ ಆಗಲು ಬಿಡುವುದಿಲ್ಲ.

ಈಗ ನನ್ನ ಗಂಡನ ವಿಷಯ. ಕುಪ್ಪಯ್ಯ ಗಾಳಿಮನೆಯವನು. ಅಲೆಯಿಂದ ಓಡುವ ಯಂತ್ರದಲ್ಲಿ ಗಾಳಿ ಒತ್ತಿ ಸಿಲಿಂಡರ್ ತುಂಬುವ ಮನೆಗೆ ಗಾಳಿಮನೆ ಎನ್ನುತ್ತೇವೆ. ಈ ಕೊಲ್ಲಿಯಲ್ಲಿ ಮೂವತ್ತು ವರ್ಷದಿಂದ ಯಾರು ನೀರಿನಡಿ ಉಸಿರಾಡಿದ್ದರೂ ಅದು ಅವನು ತುಂಬಿದ ಗಾಳಿ. ಅವನು ಮಾತ್ರ ಒಂದು ದಿನವೂ ಇಳಿದವನಲ್ಲ. ಚಿಕ್ಕಂದಿನಲ್ಲಿ ಅವನ ಅಣ್ಣನನ್ನು ಹೊರಗಡಲು ಕೊಂಡುಹೋಗಿತ್ತು, ಆಮೇಲೆ ಅವನು ಮೊಣಕಾಲಿಗಿಂತ ಮೇಲೆ ನೀರು ತಾಗಿಸಿಕೊಂಡದ್ದೇ ಇಲ್ಲ. ನಾನೂ ಒತ್ತಾಯ ಮಾಡಿರಲಿಲ್ಲ. ನನ್ನ ಕೊನೆಯ ತಿಳಿನೀರು ಎಂದು ಗೊತ್ತಾದ ಮೇಲೆ ಈ ವರ್ಷ ಅವನೇ ಒಂದು ದಿನ ಮೀನು ಹೆಚ್ಚುತ್ತಾ ತಲೆ ಎತ್ತದೆ ಹೇಳಿದ: “ನಾ ತುಂಬಿದ್ ಗಾಳಿ ಹ್ಯಾಂಗಿತ್ತು ಅಂತ ನಂಗೇ ಗೊತ್ತಿಲ್ಲ ಮಾರಾಯ್ತಿ. ಒಂದ್ಸಲ ಕರ್ಕಂಡು ಹೋಗು.” ನಾನು ಒಳಗೆ ಹೋಗಿ ಅತ್ತೆ. ಖುಷಿಗೆ ಅತ್ತೆ, ಅದನ್ನು ಮುಚ್ಚಿಡುವುದು ಯಾಕೆ.

ಹತ್ತು ದಿನ ದಂಡೆಯ ನೀರಿನಲ್ಲಿ ಕಲಿಸಿದೆ. ಉಸಿರು ಕಟ್ಟಬಾರದು, ಬಾಯಿನಳಿಗೆ ಕಚ್ಚಿ ಹಿಡಿಯಬೇಕು, ಕನ್ನಡಕಕ್ಕೆ ನೀರು ಬಂದರೆ ಮೂಗಿನಿಂದ ಊದಿ ಹೊರಹಾಕಬೇಕು. ಅರವತ್ತೆರಡರ ಮನುಷ್ಯ ಒಂದನೇ ಕ್ಲಾಸಿನ ಹುಡುಗನ ಹಾಗೆ ತಲೆ ಆಡಿಸಿ ಕಲಿತ. ಹನ್ನೊಂದನೆಯ ದಿನ ಮೂರು ಆಳಿನ ನೀರಿಗೆ ಇಳಿದೆವು. ಅವನು ಮುಂದೆ, ನಾನು ಹಿಂದೆ, ನನ್ನ ಬಲಗೈ ಅವನ ಸಿಲಿಂಡರಿನ ಮೇಲೆ. ಅವನ ಗುಳ್ಳೆಗಳು ಮೊದಲು ದಡಬಡ ಏರುತ್ತಿದ್ದವು, ನಿಧಾನವಾಗಿ ಹದಕ್ಕೆ ಬಂದವು. ಹಳದಿ ಪಟ್ಟೆಯ ಚಿಟ್ಟೆಮೀನು ಎರಡು ಅವನ ಮುಖದ ಮುಂದೆಯೇ ಹಾದವು, ಅವನು ಕೈ ಚಾಚಿ ತೋರಿಸಿದ.

ಮುದುಕಿಯ ಹತ್ತಿರ ಬಂದಾಗ ಅವನ ಕಾಲು ಇಳಿಯಿತು. ಹೊಸಬರ ಕಾಲು ಇಳಿಯುವುದೇ. ಕಾಲಿಗೆ ಕಟ್ಟಿದ ರೆಕ್ಕೆ ಇನ್ನೊಂದು ಬಡಿತಕ್ಕೆ ಮುದುಕಿಯ ನೆತ್ತಿಗೆ ಕುಕ್ಕುತ್ತಿತ್ತು. ನಾನು ಸಿಲಿಂಡರಿನಿಂದ ಕೈ ತೆಗೆದು ಅವನ ಪಾದ ಹಿಡಿದೆ. ಯೋಚನೆ ಮಾಡಿ ತೆಗೆದದ್ದಲ್ಲ ಅಜ್ಜಿ, ನಾವೆಲ್ಲ ಹಾಗೇ ಬೆಳೆದವರು, ಕೈ ತಾನೇ ಹೋಯಿತು. ಎಡಗೈಯಲ್ಲಿ ಅವನನ್ನು ಹಿಡಿದುಕೊಳ್ಳಬಹುದಿತ್ತು. ಎಡಗೈಯನ್ನು ನಾನು ಮುದುಕಿಗೆ ಅಡ್ಡ ಹಿಡಿದಿದ್ದೆ.

ನಾಲ್ಕು ಉಸಿರಿನ ಹೊತ್ತು, ಅಷ್ಟೇ. ಬೆನ್ನ ಮೇಲೆ ಕೈ ಇಲ್ಲ ಎಂದು ಗೊತ್ತಾದ ಕೂಡಲೇ ಅವನು ತಿರುಗಿದ, ಬಾಯಿನಳಿಗೆ ಜಾರಿತು, ನೀರು ಕುಡಿದ. ನಾನು ತಲುಪುವ ಮೊದಲೇ ಕೈಕಾಲು ಬಡಿದು ಮೇಲಕ್ಕೆ ಹೋದ. ಮರೆಕೊಲ್ಲಿಯಾದ್ದರಿಂದ ಬದುಕಿದ. ವೈದ್ಯರು ಎದೆ ನೋಡಿ, ಹೆದರುವಂಥದ್ದು ಏನಿಲ್ಲ, ನಾಲ್ಕು ದಿನ ಮಲಗಲಿ ಎಂದರು. ಪಕ್ಕದಲ್ಲಿದ್ದ ಹಿಂಗೈ ಭಾಗೀರಥಿ ಎಲ್ಲ ನೋಡಿದ್ದಳು. ಅವಳು ದಂಡೆಗೆ ಬಂದವಳೇ ಊರಿಗೆಲ್ಲ ಡಂಗುರ ಹೊಡೆದಳು, ಸ್ವಂತ ಗಂಡ ಆದರೂ ಮಾಸ್ತಕ್ಕ ಕಲ್ಲು ಬಿಡಲಿಲ್ಲ ಎಂದು. ಸಂಜೆ ಕೇರಿಯವರು ಹೂವು ಹಿಡಿದು ಮನೆಗೆ ಬಂದರು. ನನ್ನ ಹೆಸರು ಹಲಗೆಯ ಬುಡದಲ್ಲಿ ಕೆತ್ತಿಸುತ್ತಾರಂತೆ.

ಕುಪ್ಪಯ್ಯ ಒಂದೇ ಸಲ ಕೇಳಿದ, ಮಲಗಿದ್ದಲ್ಲಿಂದಲೇ. “ನೀ ಕಲ್ಲು ಹಿಡ್ದೆ, ಅಲ್ದಾ?” ಹೌದು ಎಂದೆ. “ಅಡ್ಡಿಲ್ಲ. ನಿಯಮ ಹಾಂಗೇ ಅಲ್ದಾ,” ಎಂದು ಗೋಡೆ ಕಡೆ ತಿರುಗಿದ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಎರಡು ದಿನದಲ್ಲಿ ಸರಿಹೋಗುತ್ತಿತ್ತು. ಅವನು ಒಪ್ಪಿಕೊಂಡುಬಿಟ್ಟ. ಐದನೆಯ ದಿನ ಎದ್ದು ಗಾಳಿಮನೆಗೆ ಹೋದ, ಸಾರು ಚೆನ್ನಾಗಿದೆ ಎಂದ, ಬೆಕ್ಕಿಗೆ ಮೀನಿನ ತಲೆ ಹಾಕಿದ. ಮೊದಲು ಏಣಿ ಇಳಿಯುವಾಗ ನನ್ನ ಭುಜ ಹಿಡಿದು ಇಳಿಯುತ್ತಿದ್ದ, ಈಗ ಕಂಬ ಹಿಡಿಯುತ್ತಾನೆ. ಇದು ನನಗೊಬ್ಬಳಿಗೇ ಕಾಣುತ್ತದೆ.

ನಿನ್ನ ಮೇಲೆ ಸಿಟ್ಟು ಬಂದಿದೆ, ಅಜ್ಜಿ. ನಿನ್ನ ನಿಯಮ ಇಲ್ಲದಿದ್ದರೆ ಮುದುಕಿ ಇರುತ್ತಿರಲಿಲ್ಲ, ಕೊಲ್ಲಿಗೆ ಯಾರೂ ಬರುತ್ತಿರಲಿಲ್ಲ, ನಾನು ಹಿಂಗೈಯೂ ಆಗುತ್ತಿರಲಿಲ್ಲ, ಎಲ್ಲ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯುವುದಿಲ್ಲ. ನೀನು ಅದನ್ನು ಬರೆದದ್ದು ಕಲ್ಲನ್ನು ಒದೆಯುವ ಪರವೂರಿನವರಿಗಾಗಿ. ನಾವು ಅದನ್ನು ನೂರ ನಲವತ್ತು ವರ್ಷ ನಮ್ಮ ಕೈಗೆ ಕಲಿಸಿಕೊಂಡೆವು. ಮನುಷ್ಯ ಒಂದು ಕೈಯಳತೆಯಲ್ಲಿದ್ದರೂ ಕೈ ಕಲ್ಲಿಗೇ ಹೋಗುವಷ್ಟು ಕಲಿಸಿಕೊಂಡೆವು. ನೀನು ಬರೆಯುವಾಗ ಇದನ್ನು ಯೋಚಿಸಿದ್ದೆಯಾ? ಇಪ್ಪತ್ತಾರಕ್ಕೆ ಯಾರು ಯೋಚಿಸುತ್ತಾರೆ. ನನ್ನ ಐವತ್ತೆಂಟಕ್ಕೇ ಹೊಳೆದಿರಲಿಲ್ಲ.

ನಾಳೆ ತಿಳಿನೀರಿನ ಕೊನೆಯ ದಿನ. ನಾಳೆ ಸಂಜೆಗೆ ನನ್ನ ಹಿಂಗೈ ಪಟ್ಟಿ ಬಿಚ್ಚಿ ಕೊಡಬೇಕು. ಆಮೇಲೆ ಯಾರನ್ನೂ ಇಳಿಸುವ ಹಕ್ಕು ನನಗಿಲ್ಲ. ಕೊನೆಯ ಮುಳುಗಿಗೆ ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದು ಎಂಬುದು ರೂಢಿ. ನಾನು ಬಾಯಿ ಬಿಟ್ಟು ಅವನನ್ನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಇವತ್ತು ಬೆಳಿಗ್ಗೆ ಅವನೇ ಗಾಳಿಮನೆಯ ಬಾಗಿಲಲ್ಲಿ ನಿಂತು ಹೇಳಿದ: “ನಾಳೆ ಬತ್ತೆ. ಆದ್ರೆ ನೀ ಹಿಂದೆ ಬ್ಯಾಡ. ಮುಂದೆ ಇರು, ನನ್ ಕಡೆ ತಿರ್ಗಿ. ನಂಗೆ ನಿನ್ನ ಮೋರೆ ಕಾಣ್ಬೇಕು. ಕಲ್ಲು ಕಾಣದೇ ಇದ್ರೂ ಅಡ್ಡಿಲ್ಲ.”

ಅವನು ಏನು ಕೇಳಿದ ಎಂದು ನಿನಗೆ ಅರ್ಥವಾಗುತ್ತದೆ, ನೀನು ನೀರಿನವಳು. ಅವನ ಎರಡೂ ಕೈ ಹಿಡಿದು ನಾನು ಹಿಮ್ಮುಖವಾಗಿ ಹೋಗಬೇಕು, ನನ್ನ ಬೆನ್ನು ಕಲ್ಲುಗಳಿಗೆ. ನನ್ನ ರೆಕ್ಕೆ ಎಲ್ಲಿ ಬಡಿಯುತ್ತದೆ ಎಂದು ನನಗೆ ಕಾಣುವುದಿಲ್ಲ. ಏಳು ನಿಯಮದಲ್ಲಿ ಮೂರು ಅಲ್ಲೇ ಮುರಿಯುತ್ತವೆ, ಅದೂ ಇಡೀ ಕೇರಿ ದಂಡೆಯಲ್ಲಿ ನಿಂತು ನೋಡುವಾಗ. ಮುದುಕಿಯ ಅಂಚು ಮುರಿದರೆ ಮೂವತ್ತೊಂದು ವರ್ಷ ಹೋಯಿತು, ಕೆತ್ತುವ ಹೆಸರೂ ಹೋಯಿತು. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗದೆ ಓಡಾಡುತ್ತಿರುವುದು ಇದಕ್ಕೇ. ನನ್ನ ಬೆನ್ನ ಹಿಂದೆ ಏನಿದೆ ಎಂದು ನೋಡಿ ಹೇಳಬೇಕಾದವನು ಅವನು, ಎರಡನೇ ಸಲ ನೀರಿಗಿಳಿಯುವ, ಹೆದರಿದ ಮನುಷ್ಯ. ಅವನು ನನ್ನನ್ನು ಎಡಕ್ಕೆ ಎಳೆದರೆ ಎಡಕ್ಕೆ ಹೋಗಬೇಕು, ತಿರುಗಿ ನೋಡಬಾರದು. ತಿರುಗಿದರೆ ಅವನಿಗೆ ಮತ್ತೆ ನನ್ನ ಬೆನ್ನೇ ಕಾಣುತ್ತದೆ.

ಹೋಗುತ್ತೇನೆ. ಇದನ್ನು ಬರೆಯುತ್ತಾ ಬರೆಯುತ್ತಾ ನಿಶ್ಚಯವಾಯಿತು, ಅಷ್ಟರ ಮಟ್ಟಿಗೆ ನಿನಗೆ ಉಪಕಾರ.

ನನ್ನದೊಂದು ಕೋರಿಕೆ ಇದೆ. ನೀನು ಆ ಹಲಗೆಯ ಮುಂದೆ ಬಣ್ಣದ ಡಬ್ಬಿ ಬಿಚ್ಚಿ ಕೂತಿರುವಾಗ ಈ ಓಲೆ ಸಿಕ್ಕರೆ, ‘ಕಲ್ಲು ಮೊದಲು’ ಎಂಬುದನ್ನು ಅಳಿಸಬೇಡ. ಅದು ಬೇಕು. ಆದರೆ ಅಂಚಿಗೆ ಅಂಟಿಸಿ ಬರೆಯಬೇಡ. ನಾಲ್ಕು ಬೆರಳು ಕೆಳಗೆ ಸರಿಸಿ ಬರೆ, ಮೇಲೆ ಒಂದು ಸಾಲಿಗೆ ಜಾಗ ಬಿಡು. ಅಲ್ಲಿ ಏನು ಬರೆಯಬೇಕು ಎಂದು ನನಗೂ ಇನ್ನೂ ಗೊತ್ತಿಲ್ಲ, ಅವನ ಮುಖ ನೋಡುತ್ತಾ ಮುದುಕಿಯನ್ನು ದಾಟಿದ ಮೇಲೆ ಗೊತ್ತಾಗಬಹುದು.

ನಾಳೆ ನೀರಿಗೆ ಹೋಗುವ ದಾರಿಯಲ್ಲಿ ಹಲಗೆಯ ಮುಂದೆಯೇ ಹಾಯಬೇಕು. ಮೇಲೆ ಜಾಗ ಇದೆಯೋ ಇಲ್ಲವೋ ನೋಡುತ್ತೇನೆ. ಇಲ್ಲದಿದ್ದರೂ ಬೇಜಾರಿಲ್ಲ. ಕುಪ್ಪಯ್ಯ ಈಗಷ್ಟೇ ಎರಡು ಸಿಲಿಂಡರ್ ತುಂಬಿ ಏಣಿಯ ಬುಡದಲ್ಲಿ ಇಟ್ಟು ಹೋದ, ಒಂದಕ್ಕೊಂದು ಎದುರಾಗಿ.

ನಿನ್ನ,
ಮಾಸ್ತಮ್ಮ