ಓದಿಕೊಳ್ಳತಕ್ಕದ್ದು

ಜೂನ್ 3, ಮಂಗಳವಾರ

ಏಳನೇ ನಂಬರಿನ ಮನೆ — 11.40 ಮೀಟರ್. ಹೋದ ತಿಂಗಳು 12.05 ಇತ್ತು. ಒಂದೇ ತಿಂಗಳಲ್ಲಿ ಅರವತ್ತೈದು ಸೆಂಟಿಮೀಟರ್ ದಿಬ್ಬ ಸಮುದ್ರದ ಪಾಲು.

ಮನೆಯ ಹಿಂಗೋಡೆಯಿಂದ ದಿಬ್ಬದ ಅಂಚಿನವರೆಗೆ ಟೇಪು ಹಿಡಿಯುವುದು, ಬರೆದುಕೊಳ್ಳುವುದು, ಮನೆಯವರ ಸಹಿ ಹಾಕಿಸಿಕೊಳ್ಳುವುದು. ಏಳು ಮನೆ, ಏಳು ಸಹಿ. ಓಣಿಯವರೆಲ್ಲ ಬೆನ್ನ ಹಿಂದೆ ನನ್ನನ್ನು ಟೇಪ್ ಮೇಡಂ ಎನ್ನುತ್ತಾರಂತೆ. ನೆರೆ ಮತ್ತು ಕಡಲ್ಕೊರೆತ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದಕ್ಕೆ ಸಿಕ್ಕ ಬಿರುದು ಇದೊಂದೇ. ಇರಲಿ.

ಏಳನೆಯದೇ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಕನ್ನಡಕದ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಕನ್ನಡಕದವರು ಒಬ್ಬರೇ. ಟೇಪಿನ ಇನ್ನೊಂದು ತುದಿ ಹಿಡಿಯಲು ಕರೆಯದೆಯೇ ಬರುತ್ತಾರೆ. ಇವತ್ತು ನಾನು ಅಳತೆ ಪುಸ್ತಕವನ್ನು ತೋಳುದ್ದ ಹಿಡಿದು ಓದುವುದನ್ನು ನೋಡಿಬಿಟ್ಟರು.

"ಮೇಡಂ, ನಿಮಗೆ ಚಾಳೀಸು ಬಂದಿದೆ."

"ನನ್ನ ಕಣ್ಣು ಸರಿಯಾಗೇ ಇದೆ."

"ಕಣ್ಣು ಸರಿಯಾಗೇ ಇದೆ. ಕೈ ಗಿಡ್ಡ ಆಗಿದೆ ಅಷ್ಟೆ."

ನಗು ಬಂತು. ತೋರಿಸಲಿಲ್ಲ. ನಲವತ್ತೊಂಬತ್ತಕ್ಕೆ ಯಾರು ಹಾಕಿಕೊಳ್ಳುತ್ತಾರೆ ಚಾಳೀಸು!... ಎಲ್ಲರೂ ಹಾಕಿಕೊಳ್ಳುತ್ತಾರೆ. ಗೊತ್ತು.

ಜೂನ್ 12, ಗುರುವಾರ

ಸಾಹೇಬರಿಗೆ ಸಂಜೆಯೊಳಗೆ ಓಣಿಯವರಿಗೆ ಕಳಿಸುವ ನೋಟಿಸ್ ಬೇಕು. ಬೆಳಿಗ್ಗೆ ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಮೂರೂವರೆಗೆ ಹೇಳಿದರು.

ನಮ್ಮ ಕಾನೂನಿನ ಜೀವವೆಲ್ಲ ವಾಕ್ಯದ ಬಾಲದಲ್ಲಿದೆ. ಪ್ರಾಧಿಕಾರವು ಅಂಚನ್ನು ಅಳೆಯತಕ್ಕದ್ದು, ಅಪಾಯವನ್ನು ನಿವಾಸಿಗಳಿಗೆ ತಿಳಿಸತಕ್ಕದ್ದು — ಮಾಡಲೇಬೇಕು, ಮಾಡದಿದ್ದರೆ ಕೋರ್ಟು. ತಡೆಗೋಡೆ ನಿರ್ಮಿಸಬಹುದು — ಕಟ್ಟಿದರೂ ಸರಿ, ಬಿಟ್ಟರೂ ಸರಿ, ಯಾರೂ ಕೇಳುವ ಹಾಗಿಲ್ಲ. ಬದಲಿ ವಸತಿಗಾಗಿ ಪ್ರಯತ್ನಿಸತಕ್ಕದ್ದು. ಇದನ್ನು ಬರೆದ ಪುಣ್ಯಾತ್ಮನಿಗೆ ದೊಡ್ಡ ನಮಸ್ಕಾರ. ಪ್ರಯತ್ನ ಕಡ್ಡಾಯ, ಮನೆ ಐಚ್ಛಿಕ.

ಬಂದರು ಬೀದಿಗೆ ಗೋಡೆ ಮಂಜೂರಾಗಿದೆ. ಓಣಿಗೆ ಇಲ್ಲ. ದಿಬ್ಬದ ಮಣ್ಣು ಮೆದು, ಗೋಡೆ ನಿಲ್ಲುವುದಿಲ್ಲ ಎಂದು ಮೇಲಿನವರ ತೀರ್ಮಾನ. ಬಂದರು ಬೀದಿಯ ನೋಟಿಸನ್ನೇ ಕಂಪ್ಯೂಟರಿನಲ್ಲಿ ತೆಗೆದು, ಬೀದಿಯ ಹೆಸರು, ಮನೆ ನಂಬರು, ಬಾಲಗಳನ್ನು ಬದಲಿಸಿ ಪ್ರಿಂಟ್ ಹೊಡೆದೆ. ಅಕ್ಷರ ಇರುವೆ ಸಾಲು. ಕಿಟಕಿಯ ಹತ್ತಿರ ಹಿಡಿದು ಓದಿದೆ. ಸಾಹೇಬರು ಅದನ್ನೂ ಮಾಡದೆ ಸಹಿ ಹಾಕಿದರು.

ಜುಲೈ 1, ಮಂಗಳವಾರ

9.85. ಹತ್ತರ ಕೆಳಗೆ ಬಂತು. ಇನ್ನು ವಾರಕ್ಕೊಮ್ಮೆ ಅಳೆಯತಕ್ಕದ್ದು.

ಓಣಿಗೆ ನೋಟಿಸ್ ಮುಟ್ಟಿದ ಮೇಲೆ ಮೊದಲ ಸಲ ಹೋಗುತ್ತಿದ್ದೇನೆ, ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ನೋಡಿದರೆ ಓಣಿಗೆ ಓಣಿಯೇ ನಗುತ್ತಿದೆ. ಮೂರನೇ ಮನೆಯ ದೋಣಿ ಪೇಂಟರ್ ದಂಪತಿ ಮನೆಗೆ ಹೊಸ ಬಣ್ಣ ಹೊಡೆಯುತ್ತಿದ್ದರು. "ಬನ್ನಿ ಮೇಡಂ, ಬನ್ನಿ" ಎಂದು ಕುರ್ಚಿ ಒರೆಸಿದರು. ಏನೋ ಎಡವಟ್ಟಾಗಿದೆ ಅನ್ನಿಸಿತು.

ಏಳನೇ ಮನೆಯಲ್ಲಿ ಕೂರಿಸಿ ಟೀ ಕೊಟ್ಟರು. ಎದುರು ಗೋಡೆಯಲ್ಲಿ, ಕಣ್ಣು ಪರೀಕ್ಷೆಯ ಚಾರ್ಟಿನ ಪಕ್ಕ, ನಮ್ಮ ನೋಟಿಸು. ಫ್ರೇಮು, ಗಾಜು ಎಲ್ಲ ಹಾಕಿ.

"ಪೇಟೆಯಲ್ಲಿ ಒಂದು ಅಂಗಡಿ ನೋಡಿದ್ದೆ ಮೇಡಂ. ಬೇಡ ಅಂದ್ಬಿಟ್ಟೆ. ಗೋಡೆ ಬರುತ್ತೆ ಅಂದ್ಮೇಲೆ ಯಾಕೆ ಹೋಗೋದು?"

ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ಕೂತಲ್ಲಿಂದಲೇ ಓದಿದೆ. ನಾಲ್ಕನೇ ಪ್ಯಾರಾ, ಎರಡನೇ ಸಾಲು. *ಸದರಿ ಭಾಗದಲ್ಲಿ ತಡೆಗೋಡೆಯನ್ನು ನಿರ್ಮಿಸತಕ್ಕದ್ದು.*

ಬಂದರು ಬೀದಿಯ ಬಾಲ. ಎಲ್ಲ ಬದಲಿಸಿ ಅದೊಂದನ್ನು ಬಿಟ್ಟಿದ್ದೇನೆ.

ಹೇಳಬೇಕಿತ್ತು. ಅಲ್ಲೇ, ಆಗಲೇ. ಟೀ ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ. ಥೂ.

ಜುಲೈ 2, ಬುಧವಾರ

ಸಾಹೇಬರು ತಲೆ ಮೇಲೆ ಕೈ ಹೊತ್ತರು. ಆಮೇಲೆ ಕೈ ಇಳಿಸಿ, "ತಿದ್ದೋಲೆ ಬರೀರಿ" ಅಂದರು. ತಿದ್ದೋಲೆ ಅಂದರೆ ಒಂದು ಸಾಲಿನ ಕಾಗದ — 'ನಿರ್ಮಿಸತಕ್ಕದ್ದು' ಎಂಬುದರ ಬದಲಾಗಿ 'ನಿರ್ಮಿಸಬಹುದು' ಎಂದು ಓದಿಕೊಳ್ಳತಕ್ಕದ್ದು. ಅಷ್ಟೇ. ಏಳು ಮನೆಯ ಗೋಡೆ ಒಂದು ಸಾಲಿನಲ್ಲಿ ಬಿತ್ತು.

"ಕಾನೂನು ವಿಭಾಗ ನೋಡಲಿ. ಅವರು ಓಕೆ ಅಂದ್ಮೇಲೆ ರಿಜಿಸ್ಟರ್ಡ್ ಪೋಸ್ಟು. ಅಲ್ಲೀವರೆಗೂ ನೀವು ಯಾರ ಹತ್ರಾನೂ ಬಾಯಿ ಬಿಡಬೇಡಿ. ಆಯ್ತಾ?"

"ಎಷ್ಟು ದಿನ ಆಗಬಹುದು ಸರ್?"

"ಆದಾಗ ಆಗುತ್ತೆ."

ಜುಲೈ 5

ಆಗಿಲ್ಲ.

ಜುಲೈ 7

ಕಾನೂನು ವಿಭಾಗದವರಿಗೆ ಅಲ್ಪವಿರಾಮ ಎಲ್ಲಿ ಹಾಕಬೇಕು ಎಂಬ ಚಿಂತೆ.

ಜುಲೈ 8, ಮಂಗಳವಾರ

8.10.

ಅಂಚು ಹತ್ತಿರ ಬಂತೆಂದು ಕನ್ನಡಕದವರು ಬಟ್ಟೆ ಒಣಹಾಕುವ ಕಂಬ ಕಿತ್ತು ಈಚೆ ನೆಟ್ಟಿದ್ದಾರೆ. "ಕಣ್ಣು ಪರೀಕ್ಷೆಗೆ ಸರಿಯಾಗಿ ಆರು ಮೀಟರ್ ಬೇಕು ಮೇಡಂ. ಒಳಗೆ ಜಾಗ ಇಲ್ಲ ಅಂತ ಕನ್ನಡಿ ಇಟ್ಟು ಹೇಗೋ ನಡೆಸ್ತಿದ್ದೀನಿ. ಇನ್ನೆರಡು ಮೀಟರ್ ಹೋಗಲಿ, ಚಾರ್ಟನ್ನ ಅಂಚಲ್ಲೇ ನಿಲ್ಲಿಸ್ತೀನಿ" ಎಂದು ನಕ್ಕರು. ಗೋಡೆಯ ಭರವಸೆಯಲ್ಲಿ ನಗುತ್ತಿದ್ದಾರೆ, ಪಾಪ. ನಾನೂ ನಕ್ಕೆ. ಇಷ್ಟು ಕೆಟ್ಟದಾಗಿ ಜೀವನದಲ್ಲಿ ನಕ್ಕಿಲ್ಲ.

ಶನಿವಾರ ದೊಡ್ಡ ಉಬ್ಬರ, ಜೊತೆಗೆ ಜೋರು ಗಾಳಿ ಎಂದು ಹವಾಮಾನದವರು. ತಿದ್ದೋಲೆ ಇನ್ನೂ ಕಾನೂನು ವಿಭಾಗದ ಟೇಬಲ್ಲಿನ ಮೇಲಿದೆ.

ಅತ್ತಿಗೆಗೆ ಹೇಳಿಬಿಟ್ಟೆ. ಅಣ್ಣ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾವಿಬ್ಬರೇ, ಯಾರಿಗೆ ಹೇಳಲಿ? ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿದರು.

"ನಿನ್ನ ಕಾನೂನಲ್ಲಿ ತಿಳಿಸಬಹುದು ಅಂತಿದೆಯೋ, ತಿಳಿಸಲೇಬೇಕು ಅಂತಿದೆಯೋ?"

"ತಿಳಿಸತಕ್ಕದ್ದು ಅಂತಿದೆ."

"ಪೋಸ್ಟಲ್ಲೇ ತಿಳಿಸಬೇಕು ಅಂತಿದೆಯಾ?"

ಇಲ್ಲ. ಎಲ್ಲೂ ಇಲ್ಲ. ಇಪ್ಪತ್ತಾರು ವರ್ಷ ಆ ಪುಸ್ತಕ ಅರೆದು ಕುಡಿದವಳಿಗೆ ಅದು ಹೊಳೆದಿರಲಿಲ್ಲ.

"ಸಾಹೇಬರ ಭಯಾನಾ?" ಅತ್ತಿಗೆ ನನ್ನ ಮುಖವನ್ನೇ ನೋಡಿದರು. "ಅಲ್ಲ ಬಿಡು. ಕನ್ನಡಕದವರು ಮುಖ ತಿರುಗಿಸ್ತಾರೆ ಅಂತ ಭಯ ನಿನಗೆ."

ಈ ಹೆಂಗಸಿಗೆ ಯಾವ ಕನ್ನಡಕವೂ ಬೇಡ.

ಜುಲೈ 9, ಬುಧವಾರ

ಹೇಳಿದೆ.

ಒಂದನೇ ಮನೆಯಿಂದ ಶುರು ಮಾಡಿದೆ. ತಪ್ಪು ನನ್ನದು, ಗೋಡೆ ಬರುವುದಿಲ್ಲ, ಶನಿವಾರದೊಳಗೆ ಮನೆ ಖಾಲಿ ಮಾಡಿ. ಇಷ್ಟನ್ನೇ ಏಳು ಪ್ರತಿ ಕೈಯಲ್ಲಿ ಬರೆದು ಸಹಿ ಹಾಕಿ ತಂದಿದ್ದೆ. ಪೇಂಟರ್ ಬ್ರಷ್ಷನ್ನು ಡಬ್ಬಿಗೆ ಎಸೆದು ಒಳಗೆ ಹೋದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಬೈಯಲಿ. ಅವಳ ಕೈಗೆಲ್ಲ ಹಳದಿ ಬಣ್ಣ ಮೆತ್ತಿತ್ತು, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು.

ಏಳನೆಯದು ಕೊನೆಗೆ.

"ಆ ಗೋಡೆ ಬರಲ್ಲ" ಅಂದೆ.

"ನೋಟಿಸಲ್ಲಿ ಇದೆಯಲ್ಲ ಮೇಡಂ."

"ಅದನ್ನ ಬರೆದೋಳು ನಾನು. ಹಳೇ ನೋಟಿಸಿನ ಮಾತು ಉಳ್ಕೊಂಡ್ಬಿಟ್ಟಿದೆ. ಓದಿದೆ. ಕಾಣಲಿಲ್ಲ."

"ಕಾಣಲಿಲ್ಲ ಅಂದ್ರೆ?"

"ಹತ್ತಿರದ್ದು ಕಾಣಲ್ಲ ನನಗೆ."

ಫ್ರೇಮನ್ನು ಗೋಡೆಯಿಂದ ಇಳಿಸಿದರು. ಲೆನ್ಸ್ ಒರೆಸುವ ಬಟ್ಟೆಯಿಂದ ಗಾಜನ್ನು ಒರೆಸಿದರು. ನಿಧಾನವಾಗಿ, ಮೂಲೆ ಮೂಲೆ. ಓದಿ ಕೆಳಗಿಟ್ಟರು.

"ಯಾವಾಗ ಗೊತ್ತಾಯ್ತು?"

ಇದನ್ನು ಕೇಳದಿರಲಿ ಎಂದುಕೊಂಡಿದ್ದೆ.

"ಒಂದನೇ ತಾರೀಕು. ಇಲ್ಲೇ. ನೀವು ಕೊಟ್ಟ ಟೀ ಕುಡೀತಾ."

"ಎಂಟು ದಿನ."

"ಹೂಂ."

"ಕೆಲಸ ಹೋಗುತ್ತೆ ಅಂತ ಭಯಾನಾ?"

"ಅಲ್ಲ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಎದ್ದು ಹೋಗಲೋ ಬೇಡವೋ ತಿಳಿಯದೆ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದೆ.

"ಪೋಸ್ಟಲ್ಲಿ ಕಳಿಸಬಹುದಿತ್ತು ನೀವು."

"ಬಹುದಿತ್ತು."

"ಹೂಂ..." ತಿರುಗಿದರು. ಕಣ್ಣು ಕೆಂಪಗಿತ್ತು. "ಸರಿ. ಮೊದಲು ಏನು ಕಟ್ಟೋದು ಹೇಳಿ."

ಜುಲೈ 11, ಶುಕ್ರವಾರ

ರಜೆ ಹಾಕಿದೆ. ಬದಲಿ ವಸತಿಗಾಗಿ ಪ್ರಯತ್ನಿಸತಕ್ಕದ್ದು — ಪ್ರಯತ್ನಿಸಿದೆ. ಶಾಲೆಯ ಹೆಡ್ ಮೇಡಂ ಕಾಲು ಹಿಡಿಯುವುದೊಂದು ಬಾಕಿ, ಮೂರು ಕೋಣೆ ಸಿಕ್ಕಿತು. ಅತ್ತಿಗೆ ಎಲ್ಲರಿಗೂ ಅನ್ನ ಮಾಡಿ ತಂದರು. ಪೇಂಟರ್ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ಕಪಾಟಿನ ಇನ್ನೊಂದು ಕಡೆ ಹಿಡಿದಳು.

ಕನ್ನಡಕದವರು ಲೆನ್ಸುಗಳ ಪೆಟ್ಟಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ಮಗುವಿನಂತೆ ಎದೆಗವಚಿಕೊಂಡು ನಡೆದರು. ಕನ್ನಡಿ ನನ್ನ ಪಾಲಿಗೆ ಬಂತು. ಓಣಿಯುದ್ದಕ್ಕೂ ಅದರಲ್ಲಿ ನಮ್ಮ ಹಿಂದಿನ ಸಮುದ್ರ ಕಾಣುತ್ತಿತ್ತು. ಅದಕ್ಕೂ ಮೊದಲು, ಮನೆ ಬಿಡುವಾಗ, ಬಾಗಿಲಿಗೆ ಬೀಗ ಹಾಕಿದರು. ಹಾಕಿ, ಒಂದು ಸಲ ಎಳೆದೂ ನೋಡಿದರು. ನನಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು.

"ಅಯ್ಯೋ ಮೇಡಂ, ಕನ್ನಡಿ ಕೆಳಗಿಟ್ಟು ಅಳಿ" ಅಂದರು.

ಜುಲೈ 13, ಭಾನುವಾರ

ಏಳನೇ ನಂಬರು — ಅಳೆಯಲು ಗೋಡೆ ಇಲ್ಲ.

ಆರನೆಯದು ಅರ್ಧ ಇದೆ. ಜನರಿಗೆ ಏನೂ ಆಗಿಲ್ಲ. ಒಬ್ಬರಿಗೂ ಇಲ್ಲ. ಬಟ್ಟೆಯ ಕಂಬ ಕೆಳಗೆ ಮರಳಿನಲ್ಲಿ ಬಿದ್ದಿತ್ತು. ಕನ್ನಡಕದವರು ಪಕ್ಕದಲ್ಲಿ ನಿಂತಿದ್ದರು. ಪುಸ್ತಕ ಚಾಚಿದೆ, ಎಂದಿನಂತೆ ಸಹಿ ಹಾಕಿದರು. ಪೆನ್ನು ವಾಪಸು ಕೊಡಲು ಬಂದ ಅವರ ಕೈಯನ್ನು ಹಿಡಿದುಕೊಂಡೆ. ಯಾರು ನೋಡಿದರೋ ಬಿಟ್ಟರೋ.

ಜುಲೈ 16

ತಿದ್ದೋಲೆ ಅಂಚೆಗೆ ಹೋಯಿತು. ಅಲ್ಪವಿರಾಮ ಸರಿಯಾದ ಜಾಗದಲ್ಲಿದೆ.

ಆಗಸ್ಟ್ 20, ಬುಧವಾರ

ನನ್ನ ವಿಚಾರಣೆ ಮುಗಿಯಿತು. ತಪ್ಪು ಬರೆದದ್ದಕ್ಕೆ ಒಂದು ಎಚ್ಚರಿಕೆ ಪತ್ರ, ಅನುಮತಿಯಿಲ್ಲದೆ ಸರಿ ಹೇಳಿದ್ದಕ್ಕೆ ಇನ್ನೊಂದು. ಎರಡಕ್ಕೂ ಸಹಿ ಹಾಕಿದೆ. ಎರಡನೆಯದಕ್ಕೆ ಖುಷಿಯಿಂದ.

ಏಳನೇ ಮನೆಯ ಕಡತ ಮುಚ್ಚಬೇಕಿತ್ತು. ಕೊನೆಯ ಪತ್ರವನ್ನು ನಾನೇ ಕೊಂಡೊಯ್ದೆ. ಪೇಟೆಯ ಅಂಗಡಿ ಅವರಿಗೇ ಸಿಕ್ಕಿದೆ. ಆ ಮಾಲೀಕ ಬೇರೆಯವರಿಗೆ ಕೊಟ್ಟಿರಲಿಲ್ಲ, ನಮ್ಮ ಪುಣ್ಯ. ನಮ್ಮ ಅಂತ ಬರೆದೆನಲ್ಲ... ಇರಲಿ.

'ಸದರಿ ಸ್ವತ್ತಿಗೆ ಸಂಬಂಧಿಸಿದಂತೆ ಇನ್ನು ಮುಂದೆ ಅಳತೆಯ ಅಗತ್ಯವಿರುವುದಿಲ್ಲ' ಎಂಬಲ್ಲಿ ಅವರ ಬೆರಳು ನಿಂತಿತು.

"ಅಂದ್ರೆ ನೀವಿನ್ನು ಬರೋಲ್ವಾ?"

"ಕಾನೂನಲ್ಲಿ ಇನ್ನೇನೂ ಇಲ್ಲ."

"ಹಾಗಾದ್ರೆ?"

"ಬರಬಹುದು..." ಅಂದೆ. ಅಂದು, ಬಸ್ಸಿಗೆ ಹೊತ್ತಾಯಿತೆಂದು ಓಡಿ ಬಂದೆ. ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು.

ಸೆಪ್ಟೆಂಬರ್ 12, ಶುಕ್ರವಾರ

ಮೂರು ವಾರ ಹೋಗಲಿಲ್ಲ. ನೆಪವಿಲ್ಲದೆ ಹೇಗೆ ಹೋಗುವುದು? ಟೇಪು ಹಿಡಿದೇ ಅಭ್ಯಾಸ. ಕೊನೆಗೆ ಅತ್ತಿಗೆ ಇವತ್ತು ದಿನಪತ್ರಿಕೆ ಕಸಿದುಕೊಂಡು, "ಕಣ್ಣು ತೋರಿಸ್ಕೊಂಡು ಬಾ ಹೋಗು. ಅದಕ್ಕೂ ನೋಟಿಸ್ ಬೇಕಾ?" ಎಂದು ಗದರಿದರು.

ಹೊಸ ಅಂಗಡಿ ಉದ್ದಕ್ಕಿದೆ. ಸರಿಯಾಗಿ ಆರು ಮೀಟರ್, ಕನ್ನಡಿ ಬೇಡ. ಹಳೆಯ ಫ್ರೇಮಿನಲ್ಲಿ ಈಗ ಹೆಂಡತಿಯ ಫೋಟೋ. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಲಿಲ್ಲ. ಕೂರಿಸಿ, ಕಬ್ಬಿಣದ ಚೌಕಟ್ಟು ಮೂಗಿನ ಮೇಲಿಟ್ಟು, ಲೆನ್ಸ್ ಹಾಕುತ್ತಾ ತೆಗೆಯುತ್ತಾ ಹೋದರು. ಅವರ ಬೆರಳು ಕಿವಿಗೆ ತಾಗಿದಾಗ ನಾನು ಚಾರ್ಟನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ.

ಆಮೇಲೆ ಹತ್ತಿರದ ಓದಿಗೆ ಒಂದು ಕಾರ್ಡು ಕೈಗಿಟ್ಟರು. ಮೇಲೆ ದಪ್ಪಕ್ಷರ, ಕೆಳಗಿಳಿದಂತೆ ಸಣ್ಣದು.

"ಕೊನೇ ಸಾಲು ಓದಿ."

"ಕಾಣಲ್ಲ."

ಒಂದು ಲೆನ್ಸ್ ಬದಲಿಸಿದರು. "ಈಗ?"

ಕಂಡಿತು. ಅಚ್ಚಿನ ಸಾಲುಗಳ ಕೆಳಗೆ ಕೈಬರಹ, ಇರುವೆ ಗಾತ್ರದ್ದು. ಎಷ್ಟು ದಿನದಿಂದ ಬರೆದಿಟ್ಟುಕೊಂಡಿದ್ದರೋ, ಶಾಯಿ ಸ್ವಲ್ಪ ಮಾಸಿತ್ತು. ಮನಸ್ಸಿನಲ್ಲೇ ಓದಿಕೊಂಡೆ. ಇನ್ನೊಂದು ಸಲ ಓದಿಕೊಂಡೆ. ಅವರು ಲೆನ್ಸುಗಳ ಪೆಟ್ಟಿಗೆಯನ್ನು ಸುಮ್ಮನೆ ಜೋಡಿಸುತ್ತಿದ್ದರು, ಜೋಡಿಸಿದ್ದನ್ನೇ ಮತ್ತೆ.

ಕಾರ್ಡು ಕೇಳದೆ ತಂದಿದ್ದೇನೆ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

*ತಿದ್ದೋಲೆ. ದಿನಾಂಕ 20-8ರಂದು ಮೇಡಂ ಅವರು ಹೇಳಿದ 'ಬರಬಹುದು' ಎಂಬುದರ ಬದಲಾಗಿ 'ಬರತಕ್ಕದ್ದು' ಎಂದು ಓದಿಕೊಳ್ಳತಕ್ಕದ್ದು.*

ಸೆಪ್ಟೆಂಬರ್ 14, ಭಾನುವಾರ, ಸಂಜೆ 4.35

ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿನ್ನೆ ಕಳಿಸಿಕೊಟ್ಟರು. ನನ್ನ ಅಕ್ಷರ ಇಷ್ಟು ಸೊಟ್ಟಗಿದೆ ಎಂದು ಯಾರೂ ಹೇಳಿರಲಿಲ್ಲವಲ್ಲ. ಅತ್ತಿಗೆ ಬಾಗಿಲಲ್ಲಿ ನನ್ನ ಚಪ್ಪಲಿ ಜೋಡಿಸಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದಾರೆ. ಟೇಪು ಮೇಜಿನ ಮೇಲೆಯೇ ಇರಲಿ. ಅಂಗಡಿ ಐದಕ್ಕೆ ಮುಚ್ಚುತ್ತದೆ, ಬರೆಯುತ್ತಾ ಕೂತರೆ —